ಕಿಲ್ವಿಷನ ದನಿ, ದೊಡ್ಡಾಟದ ರಕ್ಕಸ

‘ಶಕ್ತಿಮಾನ್’ ಧಾರಾವಾಹಿಯನ್ನು ಇವತ್ತು ಮತ್ತೆ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಅದರ ಬಡತನ. ಬಣ್ಣದ ನೀರು ತುಂಬಿದ ಗಾಜಿನ ಪಾತ್ರೆಗಳೇ ಪ್ರಯೋಗಾಲಯ, ಹೊಗೆ ಬಿಟ್ಟರೆ ಪಾತಾಳ. 1997ರ ಸೆಪ್ಟೆಂಬರಿನಲ್ಲಿ ದೂರದರ್ಶನದಲ್ಲಿ ಶುರುವಾಗಿ 2005ರವರೆಗೆ ನಡೆದ ಈ ಧಾರಾವಾಹಿ, 2020ರ ಏಪ್ರಿಲ್‌ನಲ್ಲಿ ಲಾಕ್‌ಡೌನಿನ ನಡುವೆ ಮರುಪ್ರಸಾರವಾಯಿತು. ಆಗ ಮಕ್ಕಳೊಂದಿಗೆ ಕೂತು ನೋಡಿದವರಲ್ಲಿ ನಾನೂ ಒಬ್ಬ. ಮಕ್ಕಳು ನಾಯಕನ ಹಾರಾಟ ನೋಡಿ ನಕ್ಕರು. ಖಳ ತಮರಾಜ ಕಿಲ್ವಿಷ ಬಾಯಿ ತೆರೆದಾಗ ಮಾತ್ರ ಸುಮ್ಮನಾದರು.

ಬಿಜಾಪುರ ಸೀಮೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಒಂದು ತಲೆಮಾರಿನ ಹುಡುಗರು ಟೀವಿ ಇದ್ದವರ ಪಡಸಾಲೆಯಲ್ಲಿ ಒತ್ತಿಕೊಂಡು ಕೂತು ಇದನ್ನು ನೋಡಿದವರು. ಹಿಂದಿ ಅಷ್ಟೇನೂ ಅಡ್ಡಿಯಾಗಲಿಲ್ಲ. ಓಣಿಯಲ್ಲಿ ದಖನಿ ಉರ್ದು ಕೇಳಿ ಕಿವಿ ಪಳಗಿತ್ತು. ಕತ್ತಲೆಯೇ ಕಾಯಂ ಆಗಿರಲಿ ಎಂದು ಕಿಲ್ವಿಷ ಹಾರೈಸುವಾಗ, ಕರೆಂಟು ಹೋದರೆ ಯಾವಾಗ ಬಂದೀತೋ ಎನ್ನುವ ಊರುಗಳಲ್ಲಿ ಆ ಮಾತಿಗೆ ಬೇರೆಯದೇ ತೂಕವಿತ್ತು.

ಆ ದನಿ ಎಲ್ಲಿಂದ ಬಂತು? ಕಿಲ್ವಿಷನಾದವರು ಸುರೇಂದ್ರ ಪಾಲ್, ಶಕ್ತಿಮಾನ್ ಆದವರು ಮುಕೇಶ್ ಖನ್ನಾ. ಬಿ. ಆರ್. ಚೋಪ್ರಾ ಅವರ ‘ಮಹಾಭಾರತ’ದಲ್ಲಿ ಇವರೇ ದ್ರೋಣ ಮತ್ತು ಭೀಷ್ಮ. ಹೆಸರಿಗೆ ವಿಜ್ಞಾನದ ಕಥೆಯಾದರೂ ಇಲ್ಲಿ ಎದುರುಬದುರಾದದ್ದು ಪುರಾಣದ ಮಾತುಗಾರಿಕೆಯಲ್ಲಿ ಪಳಗಿದ ಎರಡು ಕಂಠಗಳು. ನಮ್ಮ ಭಾಗದ ಪ್ರೇಕ್ಷಕರಿಗೆ ಈ ಬಗೆ ಹೊಸದಲ್ಲ. ದೊಡ್ಡಾಟದಲ್ಲಿ ರಕ್ಕಸ ಬರುವ ರೀತಿ ನೆನೆಸಿಕೊಳ್ಳಿ: ಹಲಗೆಯ ಅಟ್ಟ ನಡುಗುವಂತೆ ಹೆಜ್ಜೆ ಹಾಕಿ, ಭುಜಕೀರ್ತಿ ಕುಣಿಸಿ, ಒಂದು ಸುತ್ತು ಅಬ್ಬರಿಸುತ್ತಾನೆ. ನೀನಾರೆಂದು ಸಾರಥಿ ಕೇಳುತ್ತಾನೆ. ತನ್ನ ಕುಲ, ಪಟ್ಟಣ, ಪರಾಕ್ರಮ, ಬಂದ ಕಾರಣ ಎಲ್ಲವನ್ನೂ ಅವನು ತಾನೇ ಹೇಳಿಕೊಳ್ಳುತ್ತಾನೆ. ಹಿಮ್ಮೇಳ ಅದನ್ನೆತ್ತಿ ಹಾಡುತ್ತದೆ. ತನ್ನನ್ನು ತಾನು ಹೊಗಳಿಕೊಂಡಷ್ಟೂ ಅವನು ದೊಡ್ಡವನಾಗುತ್ತಾನೆ, ಸೋಲಿಗೂ ಅಷ್ಟೇ ಘನತೆ ಬರುತ್ತದೆ. ಕಿಲ್ವಿಷ ಈ ಮನೆತನದವನು. ಮುಖಕ್ಕೆ ಬಳಿದ ಬಣ್ಣ ಬಯಲಾಟದ್ದಕ್ಕಿಂತ ಕಡಿಮೆ, ಆದರೆ ನಿಲುವು ಅದೇ.

ಅಗ್ಗದ ಸಾಮಾನಿನಲ್ಲಿ ಕಟ್ಟಿದ ದೈತ್ಯ ದನಿಯ ಬಲದಿಂದ ಬದುಕುವುದು ಬೇರೆ ಕಡೆಯೂ ಉಂಟು. ಬಿಬಿಸಿಯ ‘ಡಾಕ್ಟರ್ ಹೂ’ನಲ್ಲಿ 1963ರ ಡಿಸೆಂಬರಿನಲ್ಲಿ ಖಳರಾಗಿ ಕಾಣಿಸಿಕೊಂಡ ಡೇಲೆಕ್‌ಗಳ ಒಳಗೆ ಕೂತು ತಳ್ಳುತ್ತಿದ್ದುದು ಮನುಷ್ಯರೇ. ಯಂತ್ರದ ಮೂಲಕ ಸೀಳಿಸಿದ ಅವುಗಳ ಕೂಗಿಗೆ ಮಕ್ಕಳು ಬೆಚ್ಚಿಬಿದ್ದರು. ಆದರೆ ಅವುಗಳನ್ನು ಕಲ್ಪಿಸಿ ಬರೆದ ಟೆರಿ ನೇಷನ್ ಅವುಗಳಲ್ಲಿ ತುಂಬಿದ್ದು ಆ ನಾಡು ಆಗಷ್ಟೇ ಉಂಡ ಭಯವನ್ನು: ನಾಜಿಗಳ ಜನಾಂಗದ್ವೇಷ, ಅಣುಯುದ್ಧದ ಆತಂಕ. ನಮ್ಮ ಧಾರಾವಾಹಿಗಳು ಸೋತದ್ದು ಇಲ್ಲಿಯೇ ಎಂದು ನನಗನಿಸುತ್ತದೆ. ಕಿಲ್ವಿಷನ ಕತ್ತಲೆ ಎಂಥದು? ಪಾಪ, ಅಧರ್ಮ ಎಂಬ ಉತ್ತರದಾಚೆಗೆ ಕಥೆ ಹೋಗುವುದಿಲ್ಲ. ಯಾವ ಊರಿನ, ಯಾರ ಬದುಕಿನ ಕತ್ತಲೆ ಎಂಬುದು ಕೊನೆಗೂ ತಿಳಿಯದು.

ಇನ್ನೊಂದು ದೋಷ ನನ್ನನ್ನು ಹೆಚ್ಚು ಕಾಡುತ್ತದೆ. ಈ ಕಥೆಯಲ್ಲಿ ನೆನಪುಳಿಯುವ ವಿಜ್ಞಾನಿ ಡಾಕ್ಟರ್ ಜಾಕಾಲ್. ಲಲಿತ್ ಪರಿಮೂ ಅವನನ್ನು ಅದ್ಭುತವಾಗಿ ಆಡಿದ್ದಾರೆ. ‘ಪವರ್’ ಎಂದು ಚಪ್ಪರಿಸುವಾಗ ಅವನ ಹಸಿವೇ ಕಣ್ಣಿಗೆ ಕಾಣುತ್ತದೆ. ಆದರೆ ಅವನು ಕೇಡಿಗ. ನಾಯಕನ ಬಲ ಬರುವುದು ಕುಂಡಲಿನಿಯಿಂದ, ಪಂಚಭೂತಗಳಿಂದ. ಶಾಲೆಯಲ್ಲಿ ಪ್ರಯೋಗಾಲಯದ ಬೀಗವನ್ನಷ್ಟೇ ಕಂಡ ಹಳ್ಳಿಯ ಹುಡುಗನಿಗೆ ಟೀವಿ ತೋರಿಸಿದ ಪ್ರಯೋಗಾಲಯವೂ ರಕ್ಕಸನ ಗುಹೆಯೇ ಆಯಿತು. ಪ್ರತಿ ಕಂತಿನ ಕೊನೆಗೆ ಬರುತ್ತಿದ್ದ ನೀತಿಮಾತಿನಲ್ಲಿ ಹಲ್ಲುಜ್ಜುವುದಕ್ಕೆ, ಹಿರಿಯರನ್ನು ಗೌರವಿಸುವುದಕ್ಕೆ ಜಾಗವಿತ್ತು. ಪ್ರಶ್ನೆ ಕೇಳುವುದಕ್ಕೆ ಅಷ್ಟು ಜಾಗ ಕಾಣಲಿಲ್ಲ.

1998ರಲ್ಲಿ ಬಂದ ಕೇತನ್ ಮೆಹ್ತಾ ಅವರ ‘ಕ್ಯಾಪ್ಟನ್ ವ್ಯೋಮ್’ ಧಾರಾವಾಹಿ ಈ ತಪ್ಪು ಮಾಡಲಿಲ್ಲ. ಮಿಲಿಂದ್ ಸೋಮನ್ ನಾಯಕ, ಕಾಲ 2123, ಬೆನ್ನಟ್ಟಬೇಕಾದದ್ದು ಸೆರೆಮನೆಯಿಂದ ತಪ್ಪಿಸಿಕೊಂಡ ಅಪರಾಧಿಗಳನ್ನು. ವಿಜ್ಞಾನಕಥೆಯಾಗಿ ಇದೇ ಅಚ್ಚುಕಟ್ಟು. ಆದರೂ ಅದರ ಒಬ್ಬ ಖಳನ ಮಾತೂ ನಮ್ಮ ಓಣಿಯ ಆಟಕ್ಕೆ ಬರಲಿಲ್ಲ. ನೆಲ ಬಿಟ್ಟು ಅಷ್ಟು ದೂರ ಹೋದ ಕೇಡಿಗರಿಗೆ ಇಲ್ಲಿಯ ಕಿವಿ ಸಿಗಲಿಲ್ಲ.

ಈ ನೆಲದಲ್ಲಿ ಭಯಕ್ಕೇನು ಕಡಿಮೆ? 1876–78ರ ಬರ ಬಿಜಾಪುರ ಸೀಮೆಯನ್ನು ಹಿಂಡಿ ಹಾಕಿತು. ‘ಶಕ್ತಿಮಾನ್’ ನಡೆಯುತ್ತಿದ್ದ ವರ್ಷಗಳಲ್ಲೇ ಆಲಮಟ್ಟಿ ಅಣೆಕಟ್ಟು ಎದ್ದು, ನೀರಿಗಾಗಿ ಬಾಯಿಬಿಟ್ಟ ಸೀಮೆಯಲ್ಲಿ ಹೊಲ ಮನೆಗಳು ನೀರಿನಡಿ ಹೋದವು. ಬಾರದೆ ಕೊಲ್ಲುವ ನೀರು, ಬಂದು ಮುಳುಗಿಸುವ ನೀರು: ಇದಕ್ಕಿಂತ ದೊಡ್ಡ ದೈತ್ಯ ವಿಜ್ಞಾನಕಥೆಗೆ ಇನ್ನೆಲ್ಲಿ ಸಿಕ್ಕೀತು? ರಾಜಶೇಖರ ಭೂಸನೂರಮಠರಂಥವರು ಕನ್ನಡದಲ್ಲಿ ವಿಜ್ಞಾನಕಥೆಯನ್ನು ಗಂಭೀರವಾಗಿ ಬರೆದರು. ಆ ಬರಹ ಟೀವಿಗೆ ದಾರಿಯಾಗಲಿಲ್ಲ.

ಹಿಂದೆ ಇಂಡಿ ತಾಲ್ಲೂಕಿಗೆ ಸೇರಿದ್ದ ಹಲಸಂಗಿಯ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಹಾಡು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ತಂದರು. ಇದೇ ಸೀಮೆಯ ಭಯಗಳನ್ನೂ ಹಾಗೆಯೇ ಮನೆ ಮನೆಗೆ ಹೋಗಿ ಕೂಡಿಸಬಹುದು: ಒಣಗಿದ ಬಾವಿಯ ಬಗ್ಗೆ, ಮುಳುಗಿದ ಊರಿನ ಬಗ್ಗೆ, ದುಡಿಯಲು ಗುಳೆ ಹೋದವರ ಬೀಗ ಹಾಕಿದ ಮನೆಯ ಬಗ್ಗೆ ಮುದುಕರು ಹೇಳುವುದನ್ನು. ದೊಡ್ಡಾಟದ ಕಲಾವಿದನೊಬ್ಬನನ್ನು, ಭೂಗರ್ಭ ಬಲ್ಲ ಮೇಷ್ಟ್ರೊಬ್ಬರನ್ನು ಬರೆಯುವವನ ಪಕ್ಕ ಕೂರಿಸಿದರೆ ಕನ್ನಡದ ಧಾರಾವಾಹಿಗೆ ಮೊದಲ ಹತ್ತು ಕಂತಿನ ರಕ್ಕಸರು ಅಲ್ಲಿಯೇ ಸಿಗುತ್ತಾರೆ.