ಆಫ್ರಿಕಾ ಖಂಡದ ಲೇಖಕಿಯರ ಕಾದಂಬರಿಗಳಲ್ಲಿ ಪುರುಷ ಪಾತ್ರಗಳು

ಆಫ್ರಿಕಾ ಖಂಡದ ಲೇಖಕಿಯರ ಕಾದಂಬರಿಗಳನ್ನು ಕುರಿತು ಆಗಾಗ್ಗೆ ಕೇಳಿಬರುವ ಆಕ್ಷೇಪಣೆಯೊಂದುಂಟು. ಆ ಗ್ರಂಥಗಳಲ್ಲಿ ಬರುವ ಗಂಡಸರು ದುರ್ಬಲರು, ಇಲ್ಲವೆ ದುಷ್ಟರು. ಸ್ತ್ರೀಯ ಮೇಲ್ಮೆಯನ್ನು ತೋರಿಸುವುದಕ್ಕೋಸ್ಕರ ಪುರುಷನನ್ನು ಕುಗ್ಗಿಸಲಾಗಿದೆ ಎಂಬುದೇ ಅದರ ಸಾರ. ಇದು ನಿಜವಾದ ಪಕ್ಷದಲ್ಲಿ ದೋಷವು ಸಣ್ಣದಲ್ಲ. ಒಂದು ಪಾತ್ರಕ್ಕೆ ಅನ್ಯಾಯಮಾಡಿ ಮತ್ತೊಂದಕ್ಕೆ ನ್ಯಾಯ ದೊರಕಿಸುವ ಕೃತಿಯು ವಾದವಾದೀತೇ ಹೊರತು ಕಾವ್ಯವಾಗಲಾರದು. ಆದಕಾರಣ ನಾಲ್ಕು ಪ್ರಸಿದ್ಧ ಕೃತಿಗಳನ್ನು ಮುಂದಿಟ್ಟುಕೊಂಡು ಈ ಮಾತನ್ನು ಪರೀಕ್ಷಿಸುವುದು ಯುಕ್ತ.

ನೈಜೀರಿಯದ ಫ್ಲೋರಾ ನ್ವಾಪಾ ಅವರ ‘ಎಫುರು’ 1966ರಲ್ಲಿ ಪ್ರಕಟವಾಯಿತು. ನಾಯಿಕೆಯಾದ ಎಫುರು ರೂಪವತಿ, ವ್ಯಾಪಾರದಲ್ಲಿ ಕುಶಲೆ, ಊರಿಗೆ ಉಪಕಾರಿ. ಅವಳ ಮೊದಲ ಗಂಡನಾದ ಅದಿಜುವಾ ಪರಸ್ತ್ರೀಯೊಡನೆ ಹೊರಟುಹೋದವನು ತನ್ನ ಮಗು ಸತ್ತಾಗಲೂ ಮರಳುವುದಿಲ್ಲ. ಎರಡನೆಯವನಾದ ಗಿಲ್ಬರ್ಟನು ಅವಳ ಶೀಲದ ಮೇಲೆ ಹುಟ್ಟಿದ ಅಪವಾದವನ್ನು ನಂಬಿಬಿಡುತ್ತಾನೆ. ಅದಿಜುವಾ ಹೀಗೇಕೆ ಮಾಡಿದನೆಂಬುದಕ್ಕೆ ಅವನ ತಂದೆಯೂ ಹೆಂಡತಿಯನ್ನು ಬಿಟ್ಟುಹೋಗಿದ್ದನೆಂಬುದಕ್ಕಿಂತ ಹೆಚ್ಚಿನ ವಿವರಣೆಯಿಲ್ಲ. ಅವನ ಮನಸ್ಸಿನೊಳಕ್ಕೆ ವಾಚಕರಿಗೆ ಪ್ರವೇಶವೇ ಇಲ್ಲ. ಆಕ್ಷೇಪಣೆಗೆ ಎಡೆಯಿರುವುದು ಇಲ್ಲಿ. ಆದರೆ ಬಿಟ್ಟುಹೋದವನ ಮನಸ್ಸು ಮನೆಯಲ್ಲುಳಿದವಳಿಗೆ ತಿಳಿಯುವ ಬಗೆಯಾದರೂ ಯಾವುದು? ಆ ಮೌನವು ಎಫುರುವಿನ ಅನುಭವಕ್ಕೆ ಸತ್ಯವಾದದ್ದು. ಅದೇ ಗ್ರಂಥದಲ್ಲಿ ಮಗಳನ್ನು ಆದರದಿಂದ ಮನೆಗೆ ಬರಮಾಡಿಕೊಳ್ಳುವ ತಂದೆಯೂ ಇರುವನೆಂಬುದನ್ನು ಆಕ್ಷೇಪಿಸುವವರು ಮರೆಯಬಾರದು.

ಅದೇ ದೇಶದ ಬೂಚಿ ಎಮೆಚೆಟಾ ಅವರು 1979ರಲ್ಲಿ ಪ್ರಕಟಿಸಿದ ‘ದಿ ಜಾಯ್ಸ್ ಆಫ್ ಮದರ್‌ಹುಡ್’ ಇನ್ನೊಂದು ಹೆಜ್ಜೆ ಮುಂದಿಡುತ್ತದೆ. ಇಲ್ಲಿಯ ನ್ನೈಫೆ ಲಾಗೋಸ್ ನಗರದಲ್ಲಿ ಬಿಳಿಯರ ಮನೆಯ ಬಟ್ಟೆ ಒಗೆಯುವವನು. ದೊರೆಸಾನಿಯ ಒಳಬಟ್ಟೆಗಳನ್ನು ಒಗೆಯುವ ಈತನು ಗಂಡಸೇ ಎಂದು ಅವನ ಹೆಂಡತಿ ನ್ನು ಎಗೊ ಹೇಸುತ್ತಾಳೆ. ಯುದ್ಧ ಬಂದಾಗ ಧಣಿಗಳು ಊರು ಬಿಡುತ್ತಾರೆ; ಮುಂದೆ ಅವನನ್ನು ಬಲಾತ್ಕಾರವಾಗಿ ಸೈನ್ಯಕ್ಕೆ ಸೇರಿಸುತ್ತಾರೆ. ಹೊರಗೆ ಸೇವಕನಾದವನು ಮನೆಯಲ್ಲಿ ಒಡೆಯನಾಗಬಯಸುವುದು ಸ್ವಾಭಾವಿಕ. ಆದರೆ ಲೇಖಕಿಯು ಕಾರಣವನ್ನು ತಿಳಿಸಿದಳೆಂದ ಮಾತ್ರಕ್ಕೆ ಅಪರಾಧವನ್ನು ಮನ್ನಿಸುವುದಿಲ್ಲ. ಅಣ್ಣನ ವಿಧವೆಯನ್ನು ಒಂದೇ ಕೋಣೆಯ ಸಂಸಾರಕ್ಕೆ ಸೇರಿಸಿಕೊಂಡವನೂ, ಮಕ್ಕಳು ಕೆಟ್ಟಾಗಲೆಲ್ಲ ಅವರು ತಾಯಿಯ ಮಕ್ಕಳೆನ್ನುವವನೂ ಅವನೇ. ಅವನ ಅವಮಾನವೂ ಅವಳ ದುಃಖವೂ ಒಂದೇ ತಕ್ಕಡಿಯಲ್ಲಿ ತೂಗಲ್ಪಡುತ್ತವೆ.

ದಾರಿದ್ರ್ಯವೂ ಪರಾಧೀನತೆಯೂ ಕಾರಣವಾದಲ್ಲಿ, ವಿದ್ಯೆಯೂ ಸ್ವಾತಂತ್ರ್ಯವೂ ಬಂದ ಮೇಲೆ ಪುರುಷನು ತಿದ್ದಿಕೊಳ್ಳಬೇಕಷ್ಟೆ. ಸೆನೆಗಲ್ ದೇಶದ ಮರಿಯಾಮಾ ಬಾ ಅವರು ಫ್ರೆಂಚ್ ಭಾಷೆಯಲ್ಲಿ ಬರೆದು 1979ರಲ್ಲಿ ಪ್ರಕಟಿಸಿದ ಪತ್ರರೂಪದ ಕಾದಂಬರಿಯು ಈ ಭರವಸೆಯನ್ನೇ ಪರೀಕ್ಷೆಗೆ ಒಡ್ಡುತ್ತದೆ. ಮೋದು ಫಾಲ್ ಕಾನೂನು ಬಲ್ಲವನು, ಕಾರ್ಮಿಕರ ಪಕ್ಷವನ್ನು ಹಿಡಿದವನು. ಇಪ್ಪತ್ತೈದು ವರ್ಷಗಳ ದಾಂಪತ್ಯದ ತರುವಾಯ ಅವನು ಮಗಳ ಗೆಳತಿಯನ್ನೇ ಮದುವೆಯಾಗುತ್ತಾನೆ. ಅವನ ಮಿತ್ರನೂ ವೈದ್ಯನೂ ಆದ ಮಾವ್ಡೊ, ತಾಯಿಯ ಮಾತನ್ನು ಮೀರಲಾರೆನೆಂದು ಮತ್ತೊಬ್ಬಳ ಕೈಹಿಡಿಯುತ್ತಾನೆ. ವಿದ್ಯೆಯು ಇವರಿಗೆ ನಡತೆಯನ್ನು ಕಲಿಸಲಿಲ್ಲ. ನೆಪಗಳನ್ನು ಅಂದವಾಗಿ ಹೇಳುವುದನ್ನು ಕಲಿಸಿತು. ಹಾಗೆಂದು ಗಂಡಸರೆಲ್ಲರೂ ಹೀಗೆಯೇ ಎಂದು ಲೇಖಕಿ ಸಾರುವುದಿಲ್ಲ. ಶಾಸನಸಭೆಯಲ್ಲಿ ಸ್ತ್ರೀಯರ ಪರವಾಗಿ ನಿಲ್ಲುವ ದಾವುದಾ ಡಿಯೆಂಗ್ ಸಜ್ಜನನೇ. ವಿಧವೆಯಾದ ರಾಮಾತುಲಾಯೆ ಅವನನ್ನು ಒಲ್ಲೆನೆನ್ನುವುದು ಅವನ ಗುಣಹೀನತೆಯಿಂದಲ್ಲ. ಅವನಿಗೆ ಈಗಾಗಲೇ ಹೆಂಡತಿಯಿರುವಳೆಂಬ ಕಾರಣದಿಂದ.

ಜಿಂಬಾಬ್ವೆಯ ತ್ಸಿತ್ಸಿ ದಂಗರೆಂಬ್ಗಾ ಅವರ ‘ನರ್ವಸ್ ಕಂಡಿಷನ್ಸ್’ 1988ರಲ್ಲಿ ಹೊರಬಂದಿತು. ಅದರ ಬಾಬಾಮುಕುರು ಈ ನಾಲ್ಕರಲ್ಲಿಯೂ ಅತ್ಯಂತ ಪೂರ್ಣವಾದ ಪುರುಷಪಾತ್ರ. ಮಿಷನ್ ಶಾಲೆಯ ಮುಖ್ಯೋಪಾಧ್ಯಾಯನಾದ ಆತನು ಬಡ ಬಂಧುವರ್ಗಕ್ಕೆಲ್ಲ ಆಶ್ರಯದಾತ; ತಮ್ಮನ ಮಗಳಾದ ತಂಬುವಿಗೆ ವಿದ್ಯೆಯ ಬಾಗಿಲನ್ನು ತೆರೆದವನೂ ಅವನೇ. ತನ್ನ ಮಗಳು ನ್ಯಾಶಾ ಎದುರು ಮಾತನಾಡಿದಾಗ ಅವಳನ್ನು ಹೊಡೆಯುವ ಕೈಯೂ ಅದೇ. ತಂಬುವಿಗೆ ಅವನಲ್ಲಿರುವ ಕೃತಜ್ಞತೆ ನಿಜ, ಅವನಿಂದ ಬಿಡುಗಡೆ ಬೇಕೆಂಬ ತವಕವೂ ನಿಜ. ಅವನ ಪತ್ನಿ ಮೈಗುರು ಅವನಷ್ಟೇ ಓದಿದವಳಾಗಿದ್ದರೂ ಆಕೆಯ ಸಂಬಳವು ಅವನ ಔದಾರ್ಯದಲ್ಲಿಯೇ ಕರಗಿಹೋಗುತ್ತದೆ. ಲೋಕವು ಹೊಗಳುವ ಆ ಉಪಕಾರಬುದ್ಧಿಯಿಂದಲೇ ಅವನ ದರ್ಪವೂ ಹುಟ್ಟಿತೆಂಬುದು ಈ ಚಿತ್ರದ ಸೂಕ್ಷ್ಮ.

ಹೀಗೆ ನೋಡಲಾಗಿ ಆಕ್ಷೇಪಣೆಯಲ್ಲಿ ಅಲ್ಪಾಂಶವಷ್ಟೇ ನಿಜವೆಂದು ತೋರುತ್ತದೆ. ಅದಿಜುವಾನಂತಹ ಪಾತ್ರವು ನೆರಳಿನಂತೆ ಸುಳಿದುಹೋಗುವುದು ದಿಟ. ನ್ನೈಫೆ, ಬಾಬಾಮುಕುರು ಇವರಾದರೋ ರಕ್ತಮಾಂಸಗಳಿಂದ ಕೂಡಿದವರು. ನಮ್ಮ ಲಾಕ್ಷಣಿಕರು ಹೇಳಿದ ಧೀರೋದಾತ್ತನ ಲಕ್ಷಣಗಳನ್ನು ಇವರಲ್ಲಿ ಅರಸಿ, ಕಾಣದೆ, ಲೇಖಕಿಯರನ್ನು ದೂರುವುದು ಸಲ್ಲದು. ಪುರುಷನು ಹೊರಗೆ ಹೇಗೆ ತೋರುವನೆಂಬುದನ್ನು ಹೇಳುವ ಗ್ರಂಥಗಳು ಬೇಕಾದಷ್ಟಿವೆ. ಒಲೆಯ ಮುಂದೆ ನಿಂತವರ ಕಣ್ಣಿಗೆ ಅವನು ಹೇಗೆ ಕಾಣುವನೆಂಬುದನ್ನು ಈ ಕಾದಂಬರಿಗಳು ಹೇಳುತ್ತವೆ. ಅದನ್ನು ಓದಿ ಮುನಿಸಿಕೊಳ್ಳುವ ಗೃಹಸ್ಥನು ತನ್ನ ಮನೆಯವರನ್ನು ಒಮ್ಮೆ ಕೇಳಿನೋಡುವುದು ಮೇಲು.