ಬ್ಯಾಕ್ಟೀರಿಯಾ ಹೊಳೆಯಿತು, ಎಷ್ಟು ಹೊಳೆಯಿತು?

ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ನಡೆಸುವ ಸಂಶ್ಲೇಷಿತ ಜೀವವಿಜ್ಞಾನ ಕೂಟಗಳ ಬಗ್ಗೆ ಬರುವ ಸುದ್ದಿಯೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯದು. ಬ್ಯಾಕ್ಟೀರಿಯಾ ಹಸಿರಾಗಿ ಹೊಳೆಯಿತು, ಬಾಳೆಹಣ್ಣಿನ ವಾಸನೆ ಬೀರಿತು, ತಂಡಕ್ಕೆ ಪದಕ ಬಂತು. ವಿದ್ಯಾರ್ಥಿಗಳ ಉತ್ಸಾಹ ಮೆಚ್ಚತಕ್ಕದ್ದೇ. ಆದರೆ ಭೌತವಿಜ್ಞಾನ ಬೋಧಿಸುವವರಿಗೆ ಅಲ್ಲಿ ಒಂದು ಪ್ರಶ್ನೆ ಏಳುತ್ತದೆ: ಎಷ್ಟು ಹೊಳೆಯಿತು, ಯಾವ ಏಕಮಾನದಲ್ಲಿ? ಏಕಮಾನ ಬರೆಯದ ಉತ್ತರಕ್ಕೆ ನಾವು ಪರೀಕ್ಷೆಯಲ್ಲಿ ಅರ್ಧ ಅಂಕ ಕಳೆಯುತ್ತೇವೆ. ಈ ಕೂಟಗಳ ಎರಡು ದಶಕಗಳ ಕೆಲಸವನ್ನು ಅದೇ ಮಾನದಂಡದಿಂದ ನೋಡಿದರೆ, ಪದಕಗಳ ಪಟ್ಟಿಯಲ್ಲಿ ಕಾಣದ ಸಂಗತಿಗಳು ಕಾಣುತ್ತವೆ.

ಜೀನ್‌ಗಳನ್ನು ಬಿಡಿಭಾಗಗಳಂತೆ ಜೋಡಿಸಿ, ಜೀವಕೋಶದಿಂದ ಹೊಸ ಕೆಲಸ ಮಾಡಿಸುವ ಪ್ರಯತ್ನವೇ ಸಂಶ್ಲೇಷಿತ ಜೀವವಿಜ್ಞಾನ. ಅಮೆರಿಕದ ಎಂಐಟಿಯಲ್ಲಿ 2003ರ ಜನವರಿಯಲ್ಲಿ, ಮಿನುಗುವ ಬ್ಯಾಕ್ಟೀರಿಯಾವನ್ನು ವಿನ್ಯಾಸಗೊಳಿಸಿ ಎಂದು ವಿದ್ಯಾರ್ಥಿಗಳಿಗೆ ಒಂದು ಕಿರು ತರಗತಿ ನಡೆಯಿತು. 2004ರಲ್ಲಿ ಅದು ಐದು ತಂಡಗಳ ಸ್ಪರ್ಧೆಯಾಯಿತು. ‘ಐಜೆಮ್’ ಎಂಬ ಹೆಸರಿನ ಆ ಸ್ಪರ್ಧೆಗೆ ಈಗ ಪ್ರತಿ ವರ್ಷ ಮುನ್ನೂರಕ್ಕೂ ಹೆಚ್ಚು ತಂಡಗಳು ಬರುತ್ತವೆ. ಬೆಂಗಳೂರಿನ ಎನ್‌ಸಿಬಿಎಸ್‌ನ ತಂಡ 2006ರಲ್ಲೇ ಅಲ್ಲಿತ್ತು. ರಜೆಯಲ್ಲಿ ವಿಷಯ ಆರಿಸಿಕೊಳ್ಳುವುದು, ಡಿಎನ್‌ಎ ತುಣುಕುಗಳನ್ನು ಜೋಡಿಸುವುದು, ಗಣಿತೀಯ ಮಾದರಿ ಬರೆಯುವುದು, ಕೊನೆಗೆ ತೀರ್ಪುಗಾರರ ಮುಂದೆ ಮಂಡಿಸುವುದು, ಇದು ಕೂಟಗಳ ವಾರ್ಷಿಕ ದಿನಚರಿ.

‘ಬಿಡಿಭಾಗ’ ಎಂಬ ಮಾತನ್ನು ಇವರಿಗೆ ಕಲಿಸಿದ್ದು ಕಂಪ್ಯೂಟರ್ ಎಂಜಿನಿಯರ್ ಟಾಮ್ ನೈಟ್. ಯಾವ ತುಣುಕನ್ನು ಯಾವುದರ ಪಕ್ಕಕ್ಕಾದರೂ ಕೂಡಿಸಬಹುದಾದಂತೆ ತುದಿಗಳನ್ನು ರೂಪಿಸುವ ‘ಬಯೋಬ್ರಿಕ್’ ಮಾನಕವನ್ನು ಅವರು 2003ರಲ್ಲಿ ಮುಂದಿಟ್ಟರು. ಉಪಾಯ ಜಾಣತನದ್ದು, ಆದರೆ ಅದು ಮಾನಕಗೊಳಿಸಿದ್ದು ಜೋಡಣೆಯನ್ನು, ವರ್ತನೆಯನ್ನಲ್ಲ. ಅಂಗಡಿಯಲ್ಲಿ ಕೊಂಡ ರೆಸಿಸ್ಟರಿನ ಮೇಲೆ ಎಷ್ಟು ಓಮ್, ಎಷ್ಟು ಶೇಕಡಾ ವ್ಯತ್ಯಾಸ ಎಂಬುದನ್ನು ಬಣ್ಣದ ಪಟ್ಟಿಗಳು ಹೇಳುತ್ತವೆ. ಕೂಟಗಳು ವರ್ಷವರ್ಷ ಭಂಡಾರಕ್ಕೆ ಸೇರಿಸಿದ ಸಾವಿರಾರು ತುಣುಕುಗಳಲ್ಲಿ ಹಲವಕ್ಕೆ ಅಂಥ ಪಟ್ಟಿಯೇ ಇರಲಿಲ್ಲ. ಈ ಕೊರತೆಯನ್ನು ‘ನೇಚರ್’ ಪತ್ರಿಕೆಯ ಲೇಖನವೊಂದು 2010ರಲ್ಲಿ ನೇರವಾಗಿಯೇ ಎತ್ತಿ ಆಡಿತು.

ಕ್ಷೇತ್ರದ ಆರಂಭ ಹೀಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಭೌತವಿಜ್ಞಾನದ ಹಿನ್ನೆಲೆಯ ಎಲೋವಿಟ್ಸ್ ಮತ್ತು ಲೈಬ್ಲರ್ 2000ದಲ್ಲಿ ಪ್ರಕಟಿಸಿದ ‘ರೆಪ್ರೆಸಿಲೇಟರ್’ನಲ್ಲಿ ಮೂರು ಜೀನ್‌ಗಳು ಒಂದನ್ನೊಂದು ಚಕ್ರಾಕಾರವಾಗಿ ಅದುಮುತ್ತವೆ, ಕೋಶದ ಹೊಳಪು ಏರುತ್ತ ಇಳಿಯುತ್ತ ಸಾಗುತ್ತದೆ. ಅವರು ಆವರ್ತನಾವಧಿಯನ್ನು 160 ± 40 ನಿಮಿಷ ಎಂದು ಕೊಟ್ಟರು. ಆಂದೋಲನ ಖಚಿತವಾಗಿ ಕಂಡದ್ದು ಕನಿಷ್ಠ ಶೇ. 40ರಷ್ಟು ಕೋಶಗಳಲ್ಲಿ ಎಂದೂ ಬರೆದರು. ಆ ‘± 40’ ಸಣ್ಣದಲ್ಲ. ಅದನ್ನು ಮುಚ್ಚಿಡದೆ ಬರೆದದ್ದರಿಂದಲೇ ಕೋಶದೊಳಗಿನ ಗದ್ದಲ ಎಷ್ಟೆಂಬ ಪ್ರಶ್ನೆ ಮುಂದಿನ ಸಂಶೋಧಕರ ಕೈಗೆ ಸಿಕ್ಕಿತು.

ಎಂಐಟಿ ತಂಡ 2006ರಲ್ಲಿ ರೂಪಿಸಿದ ಬ್ಯಾಕ್ಟೀರಿಯಾ ಬೆಳೆಯುವಾಗ ನೋವಿನ ಮುಲಾಮಿನ ವಾಸನೆಯನ್ನೂ ಬೆಳವಣಿಗೆ ನಿಂತಾಗ ಬಾಳೆಹಣ್ಣಿನ ವಾಸನೆಯನ್ನೂ ಕೊಡುತ್ತಿತ್ತು. ಬೆಂಗಳೂರಿನ ಸೃಷ್ಟಿ ಕಲಾ ಶಾಲೆಯ ವಿದ್ಯಾರ್ಥಿಗಳು 2009ರಲ್ಲಿ ಮೊದಲ ಮಳೆಯ ಮಣ್ಣಿನ ವಾಸನೆಗೆ ಕಾರಣವಾದ ಜಿಯೋಸ್ಮಿನ್ನನ್ನು ಬ್ಯಾಕ್ಟೀರಿಯಾದಿಂದ ಹೊರಡಿಸಲು ಹೊರಟರು. ಎಷ್ಟು ಸೊಗಸಾದ ಕಲ್ಪನೆ! ಆದರೆ ಲಕ್ಷ ಕೋಟಿ ಭಾಗ ನೀರಿನಲ್ಲಿ ಕೆಲವೇ ಭಾಗ ಜಿಯೋಸ್ಮಿನ್ ಇದ್ದರೂ ನಮ್ಮ ಮೂಗಿಗೆ ತಿಳಿಯುತ್ತದೆ. ಆದ್ದರಿಂದ ‘ವಾಸನೆ ಬಂತು’ ಎಂಬ ವರದಿಯಿಂದ ಉತ್ಪಾದನೆ ಎಷ್ಟೆಂಬುದು ಏನೇನೂ ತಿಳಿಯದು. ಕಲಾ ವಿದ್ಯಾರ್ಥಿಗಳ ಉದ್ದೇಶವೇ ಬೇರೆ. ಅವರನ್ನು ಈ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ವಿಜ್ಞಾನದ ತಂಡಗಳು ಮೂಗನ್ನೋ ಛಾಯಾಚಿತ್ರವನ್ನೋ ಸಾಕ್ಷಿಯಾಗಿ ತಂದಾಗ ಮಾತ್ರ ತಕರಾರು ಎತ್ತಬೇಕಾಗುತ್ತದೆ.

ಇದಕ್ಕೆ ವಿರುದ್ಧವಾಗಿ, ಎಡಿನ್‌ಬರ್ಗ್ ತಂಡ 2006ರಲ್ಲಿ ಆರ್ಸೆನಿಕ್ ಪತ್ತೆಗೆ ಆರಿಸಿಕೊಂಡ ದಾರಿ ನನಗೆ ಇಂದಿಗೂ ಮೆಚ್ಚುಗೆ. ಆರ್ಸೆನಿಕ್ ಇದ್ದರೆ ಬ್ಯಾಕ್ಟೀರಿಯಾ ಲ್ಯಾಕ್ಟೋಸನ್ನು ಜೀರ್ಣಿಸಿ ಆಮ್ಲ ಬಿಡುತ್ತದೆ, ದ್ರಾವಣದ ಪಿಎಚ್ ಇಳಿಯುತ್ತದೆ. ಬಣ್ಣ, ಹೊಳಪು ಬಿಟ್ಟು ಪಿಎಚ್ ಆರಿಸಿದ್ದರಿಂದ ಉತ್ತರ ಒಂದು ಸಂಖ್ಯೆಯಾಗಿ ಬಂತು, ಅದೂ ಅಗ್ಗದ ಮೀಟರಿನಿಂದ. ಕುಡಿಯುವ ನೀರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ರಾಯಚೂರು, ಯಾದಗಿರಿ ಜಿಲ್ಲೆಗಳ ಕೆಲವು ಹಳ್ಳಿಗಳ ಅಂತರ್ಜಲದಲ್ಲಿ ಆರ್ಸೆನಿಕ್ ಕಂಡುಬಂದಿರುವಾಗ ಇದು ನಮಗೆ ದೂರದ ಸಮಸ್ಯೆಯಲ್ಲ. ಅಲ್ಲಿ 8ಕ್ಕೂ 12ಕ್ಕೂ ಇರುವ ಅಂತರ ಒಂದು ಬೋರ್‌ವೆಲ್ ಮುಚ್ಚಬೇಕೇ ಬೇಡವೇ ಎಂಬ ತೀರ್ಮಾನದ್ದು. ‘ಬಣ್ಣ ಸ್ವಲ್ಪ ಬದಲಾಯಿತು’ ಎಂದರೆ ಅಲ್ಲಿನ ತಾಯಂದಿರಿಗೆ ಏನು ಹೇಳಿದಂತಾಯಿತು?

ಕೂಟಗಳ ಸಾಧನೆಗಳಲ್ಲಿ ನಾನು ಎಲ್ಲಕ್ಕಿಂತ ಮೇಲೆ ಇಡುವುದು ಪತ್ರಿಕೆಗಳಲ್ಲಿ ಸುದ್ದಿಯೇ ಆಗದ ಒಂದು ಕೆಲಸವನ್ನು. ದ್ರಾವಣದಲ್ಲಿ ಎಷ್ಟು ಬ್ಯಾಕ್ಟೀರಿಯಾ ಇವೆ ಎಂದು ತಿಳಿಯಲು ಅದರ ಮೂಲಕ ಬೆಳಕು ಹಾಯಿಸಿ, ಬಂದ ಅಂಕಿಯನ್ನು ಓಡಿ, ಅಂದರೆ ಆಪ್ಟಿಕಲ್ ಡೆನ್ಸಿಟಿ ಎಂದು ಬರೆಯುವುದು ವಾಡಿಕೆ. ಆದರೆ ಬ್ಯಾಕ್ಟೀರಿಯಾ ಬೆಳಕನ್ನು ಹೀರುವುದಕ್ಕಿಂತ ಹೆಚ್ಚಾಗಿ ಚದರಿಸುತ್ತದೆ. ಚದರಿದ ಬೆಳಕಿನಲ್ಲಿ ಎಷ್ಟು ಭಾಗ ಮತ್ತೆ ಸಂವೇದಕಕ್ಕೆ ಬೀಳುತ್ತದೆ ಎಂಬುದು ಉಪಕರಣದ ರಚನೆಯನ್ನು ಅವಲಂಬಿಸಿದೆ. ಹೀಗಾಗಿ ಒಂದೇ ದ್ರಾವಣ ಒಂದು ಉಪಕರಣದಲ್ಲಿ 0.4, ಇನ್ನೊಂದರಲ್ಲಿ 0.6 ತೋರಿಸಿದರೆ ಎರಡೂ ತಪ್ಪಲ್ಲ, ಹೋಲಿಸಿದ್ದು ತಪ್ಪು.

ಐಜೆಮ್ 2018ರಲ್ಲಿ ಇದನ್ನೇ ಸಾಮೂಹಿಕ ಪ್ರಯೋಗವಾಗಿ ಮಾಡಿಸಿತು. 244 ಪ್ರಯೋಗಶಾಲೆಗಳಲ್ಲಿ ಮೂರು ಅಂಶಾಂಕನ ವಿಧಾನಗಳನ್ನು ಹೋಲಿಸಲಾಯಿತು. ಗೆದ್ದದ್ದು ಅತ್ಯಂತ ಸರಳವಾದುದು: ಬ್ಯಾಕ್ಟೀರಿಯಾದಷ್ಟೇ ಗಾತ್ರದ, ಎಣಿಕೆ ಗೊತ್ತಿರುವ ಸಿಲಿಕಾ ಮಣಿಗಳನ್ನು ಹಂತಹಂತವಾಗಿ ಅರ್ಧಕ್ಕೆ ಇಳಿಸುತ್ತ ಅಳೆಯುವುದು. ಹಾಗೆ ಪಡೆದ ಅಂಶಾಂಕನದಲ್ಲಿ ಶೇ. 95.5ರಷ್ಟು ಬಿಂದುಗಳ ವಿಚಲನೆ 1.2 ಪಟ್ಟಿಗಿಂತ ಕಡಿಮೆ. ಫಲಿತಾಂಶ 2020ರಲ್ಲಿ ‘ಕಮ್ಯುನಿಕೇಷನ್ಸ್ ಬಯಾಲಜಿ’ಯಲ್ಲಿ ಪ್ರಕಟವಾಯಿತು. ಇಷ್ಟು ಪ್ರಯೋಗಶಾಲೆಗಳನ್ನು ಒಂದೇ ಅಳತೆಗೆ ಹೂಡುವುದು ಯಾವ ಹಿರಿಯ ಸಂಶೋಧಕನಿಗೂ ಸುಲಭವಲ್ಲ. ಅದು ವಿದ್ಯಾರ್ಥಿಗಳ ದುಡಿಮೆಯಿಂದಾಯಿತು.

ನಮ್ಮ ಕಾಲೇಜುಗಳಲ್ಲಿ ಇಂಥ ಕೂಟ ಕಟ್ಟಲು ಬಯಸುವ ಅಧ್ಯಾಪಕರು ಮೊದಲ ವರ್ಷವೇ ಜೀನ್ ಜೋಡಿಸಲು ಹೊರಡಬೇಕಿಲ್ಲ. ಅದಕ್ಕೆ ದುಡ್ಡು ಬೇಕು. 1989ರ ನಿಯಮಗಳ ಪ್ರಕಾರ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯೂ ಬೇಕು. ಬೇಕರಿಯ ಯೀಸ್ಟಿಗೆ ಅದಾವುದೂ ಬೇಡ. ಯೀಸ್ಟನ್ನು ನೀರಿನಲ್ಲಿ ಕದಡಿ, ಪ್ರತಿ ಸಲ ಅರ್ಧಕ್ಕೆ ತೆಳುಗೊಳಿಸುತ್ತ ಎಂಟು ಮಾದರಿ ಮಾಡಿ. ಪ್ರತಿ ಸಲ ಚೆನ್ನಾಗಿ ಅಲುಗಿಸಿ, ಇಲ್ಲದಿದ್ದರೆ ಯೀಸ್ಟ್ ತಳಕ್ಕಿಳಿದು ಅಂಕಿ ಕೆಡುತ್ತದೆ. ರಸಾಯನ ವಿಭಾಗದ ಕಲರಿಮೀಟರಿನಲ್ಲಿ ಓದಿ, ಪ್ರಾಣಿವಿಜ್ಞಾನ ವಿಭಾಗದ ಹೀಮೋಸೈಟೋಮೀಟರಿನಲ್ಲಿ ಕೋಶಗಳನ್ನು ಎಣಿಸಿ, ಎರಡನ್ನೂ ಒಂದೇ ನಕ್ಷೆಯಲ್ಲಿ ಗುರುತಿಸಿ. ತೆಳು ಮಾದರಿಗಳಲ್ಲಿ ನೇರವಾಗಿರುವ ಗೆರೆ ದಟ್ಟ ಮಾದರಿಗಳಲ್ಲಿ ಬಾಗುತ್ತದೆ. ಎಲ್ಲಿ ಬಾಗಿತು ಎಂದು ಬರೆದುಕೊಂಡು, ಅದೇ ಎಂಟು ಶೀಸೆಗಳನ್ನು ಅದೇ ಮಧ್ಯಾಹ್ನ ಪಕ್ಕದ ಕಾಲೇಜಿನ ಕಲರಿಮೀಟರಿಗೆ ಒಯ್ಯಿರಿ.