‘ಸ್ಕೈ ಫೋರ್ಸ್’: ಶೌರ್ಯವೂ ಸತ್ಯವೂ

ಜೈನಾಚಾರ್ಯರು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಶ್ರಾವಕನು ಸಂಕಲ್ಪೀ ಹಿಂಸೆಯನ್ನು ತ್ಯಜಿಸಲೇಬೇಕು. ದೇಶರಕ್ಷಣೆಗಾಗಿ ಒದಗುವ ವಿರೋಧೀ ಹಿಂಸೆ ಅವನಿಗೆ ಅನಿವಾರ್ಯವಾಗಬಹುದು. ಆದರೆ ಅನಿವಾರ್ಯವಾದುದು ಆನಂದದ ವಸ್ತುವಾಗಬಾರದು. 2025ರ ಜನವರಿಯಲ್ಲಿ ತೆರೆಕಂಡ ‘ಸ್ಕೈ ಫೋರ್ಸ್’ ಹಿಂದಿ ಚಿತ್ರವನ್ನು ಈ ನೆಲೆಯಲ್ಲಿ ವಿವೇಚಿಸಬೇಕಾಗಿದೆ.

ಚಿತ್ರಕ್ಕೆ ಆಧಾರವಾದ ವೀರ ಕನ್ನಡನಾಡಿನವನು. 1965ರ ಸೆಪ್ಟೆಂಬರ್ 6ರಂದು ಪಾಕಿಸ್ತಾನದ ವಿಮಾನಗಳು ಪಠಾಣ್‌ಕೋಟ್ ನೆಲೆಯ ಮೇಲೆ ದಾಳಿ ಮಾಡಿದವು. ಮರುದಿನ ಮುಂಜಾನೆ ಆದಂಪುರದಿಂದ ಭಾರತದ ಮಿಸ್ಟೇರ್ ವಿಮಾನಗಳು ಸರ್ಗೋಧಾ ನೆಲೆಯತ್ತ ಹಾರಿದವು. ಮೀಸಲು ಪೈಲಟ್ ಆಗಿದ್ದ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ತಂಡವನ್ನು ಸೇರಿಕೊಂಡರು. ತಮ್ಮ ವಿಮಾನಕ್ಕಿಂತ ಬಹುಪಾಲು ವೇಗಶಾಲಿಯಾದ ಸ್ಟಾರ್‌ಫೈಟರ್ ಒಂದನ್ನು ಎದುರಿಸಿ ಉರುಳಿಸಿದರು. ತಾವು ಮರಳಿ ಬರಲಿಲ್ಲ.

ಚಿತ್ರದ ಪೂರ್ವಾರ್ಧವು ಈ ದಾಳಿಯನ್ನು ಪ್ರತೀಕಾರದ ಉತ್ಸವವಾಗಿಸಿದೆ. ಕ್ರೋಧ, ಮಾನಗಳೆಂಬ ಕಷಾಯಗಳೇ ಇಲ್ಲಿ ಶೌರ್ಯದ ವೇಷ ತೊಟ್ಟಿವೆ. ಯುದ್ಧನೀತಿಯ ದೃಷ್ಟಿಯಿಂದಲೂ ಈ ಚಿತ್ರಣ ಏಕಮುಖವಾದುದು. ವೈರಿಯ ಪ್ರಮುಖ ನೆಲೆಯೂ ಸುರಕ್ಷಿತವಲ್ಲವೆಂದು ದಾಳಿ ತೋರಿಸಿಕೊಟ್ಟದ್ದು ನಿಜ. ಆದರೆ ಅಲ್ಲಾದ ಹಾನಿಯ ಬಗೆಗೆ ಉಭಯ ದೇಶಗಳ ಲೆಕ್ಕಗಳು ಹೊಂದುವುದಿಲ್ಲ. ಭಾರತವೂ ಅಂದು ಹಲವು ವಿಮಾನಗಳನ್ನೂ ಪೈಲಟ್‌ಗಳನ್ನೂ ಕಳೆದುಕೊಂಡಿತು. ಸೆಪ್ಟೆಂಬರ್ 23ರಂದು ಯುದ್ಧ ನಿಂತದ್ದು ಕದನವಿರಾಮದಿಂದ.

ಉತ್ತರಾರ್ಧವೇ ಚಿತ್ರದ ನಿಜವಾದ ಸತ್ತ್ವ. ಕಾಣೆಯಾದ ಕಿರಿಯನಿಗೆ ನ್ಯಾಯ ದೊರಕಿಸಲು ಹಿರಿಯ ಅಧಿಕಾರಿ ವರ್ಷಗಟ್ಟಲೆ ಶ್ರಮಿಸುವ ಈ ಭಾಗದಲ್ಲಿ ಕೃತಜ್ಞತೆಯಿದೆ, ಸತ್ಯನಿಷ್ಠೆಯಿದೆ. ವಾಸ್ತವದಲ್ಲಿಯೂ ದೇವಯ್ಯನವರ ಸಾಹಸಕ್ಕೆ ಸಾಕ್ಷ್ಯ ದೊರೆತದ್ದು ಎದುರಾಳಿಯ ಕಡೆಯಿಂದ. ಧುಮುಕುಕೊಡೆಯಿಂದ ಬದುಕುಳಿದವರು ಪಾಕಿಸ್ತಾನದ ಪೈಲಟ್ ಅಮ್ಜದ್ ಹುಸೇನ್. ಆ ದೇಶದ ವಾಯುಪಡೆಯ ಕಣ್ಣಿನಿಂದ ಯುದ್ಧವನ್ನು ಕಂಡ ಜಾನ್ ಫ್ರಿಕರ್ ಅವರ 1979ರ ಗ್ರಂಥದಿಂದ ಈ ಸಂಗತಿ ಹೊರಬಂದಿತು. 1988ರಲ್ಲಿ, ಅಂದರೆ 23 ವರ್ಷಗಳ ನಂತರ, ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು. ವೈರಿಯೆಂದು ಕರೆಯಲ್ಪಟ್ಟವನ ಮಾತಿನಲ್ಲಿಯೂ ಸತ್ಯಾಂಶವಿರಬಹುದೆಂಬ ಅನೇಕಾಂತದ ಅರಿವಿಗೆ ಇದಕ್ಕಿಂತ ಮಿಗಿಲಾದ ನಿದರ್ಶನ ಬೇಕಿಲ್ಲ.

ಹೀಗಿರುವಾಗ ನಾಯಕನ ಹೆಸರನ್ನೇ ಬದಲಿಸಿದ್ದು ಚಿತ್ರದ ದೊಡ್ಡ ಲೋಪ. ಸತ್ಯಕ್ಕಾಗಿ ಹೋರಾಡುವ ಕಥೆಯೊಂದು ದೇವಯ್ಯ ಎಂಬ ಹೆಸರನ್ನು ಹಿಂದೆ ಸರಿಸಿ ‘ವಿಜಯ’ನನ್ನು ಮುಂದಿಟ್ಟಿದೆ.

ರಾಜಾಜಿನಗರ, ವಿಜಯನಗರಗಳ ನಮ್ಮ ಮನೆಗಳಲ್ಲಿ ಮಕ್ಕಳು ಇಂತಹ ಚಿತ್ರಗಳನ್ನು ನೋಡುತ್ತಲೇ ಇರುತ್ತಾರೆ. ನಿಷೇಧಕ್ಕಿಂತ ವಿವೇಚನೆ ಲೇಸು. ಬಸದಿಗಳ ಪಾಠಶಾಲೆಗಳಲ್ಲಿ ಈ ಚಿತ್ರವನ್ನು ಚರ್ಚಿಸುವವರು ದೇವಯ್ಯನವರ ನಿಜನಾಮವನ್ನು ಮೊದಲು ಹೇಳಲಿ. ಅವರ ಸಾಹಸವನ್ನು ಲೋಕಕ್ಕೆ ತಿಳಿಸಿದ ಎದುರು ಪಕ್ಷದ ಸಾಕ್ಷ್ಯವನ್ನೂ ಮರೆಯದೆ ಹೇಳಲಿ.